ಅಟ್ಟದ ಮೇಲಣ ಮಾಸಪತ್ರಿಕೆಗಳು

ಮಾಸಪತ್ರಿಕೆಗೆ ಚಂದಾ ಕಟ್ಟುವಾಗ ಅದನ್ನು ಮುಂದೆ ಎಲ್ಲಿಡಬೇಕೆಂದು ಆಲೋಚಿಸುವ ಗೃಹಸ್ಥನನ್ನು ನಾನು ಈವರೆಗೆ ಕಂಡಿಲ್ಲ. ಬರುವುದು ತಿಂಗಳಿಗೊಂದು ಸಂಚಿಕೆ. ಬೆರಳಿನಷ್ಟು ದಪ್ಪವೂ ಇಲ್ಲ. ಮೇಜಿನ ಒಂದು ಮೂಲೆ ಅದಕ್ಕೆ ಸಾಕು. ಆದರೆ ಹನ್ನೆರಡು ನೂರಿಪ್ಪತ್ತಾಗಿ, ನೂರಿಪ್ಪತ್ತು ಮುನ್ನೂರರವತ್ತಾಗಿ, ಮೇಜಿನಿಂದ ಕಪಾಟಿಗೂ ಕಪಾಟಿನಿಂದ ಅಟ್ಟಕ್ಕೂ ಏರಿದ ಮೇಲೆ, ಮನೆಯವರು ಒಂದು ದಿನ ತಲೆಯೆತ್ತಿ ನೋಡಿ, "ಇವು ಇನ್ನೂ ಏತಕ್ಕೆ?" ಎಂದು ಕೇಳುವರು. ಕಥೆ ಕಾದಂಬರಿಗಳ ಪತ್ರಿಕೆಯಾದರೆ ಉತ್ತರ ಸುಲಭ. ಯಾರಾದರೂ ಮತ್ತೊಮ್ಮೆ ಓದಿಯಾರು. ಹವ್ಯಾಸದ ಪತ್ರಿಕೆಗಳ ಪಾಡು ಹಾಗಲ್ಲ. ಅಂಚೆಚೀಟಿ, ಛಾಯಾಗ್ರಹಣ, ರೇಡಿಯೋ, ಚದುರಂಗ, ಕಸೂತಿ, ತೋಟಗಾರಿಕೆ, ಆಕಾಶವೀಕ್ಷಣೆ ಮೊದಲಾದ ಒಂದೊಂದು ಆಸಕ್ತಿಯನ್ನೇ ಹಿಡಿದು ಬರುವ ಪತ್ರಿಕೆಯು ಆ ಆಸಕ್ತಿ ಇರುವವರೆಗೆ ಪ್ರಾಣಸ್ನೇಹಿತ. ಆಸಕ್ತಿ ಸರಿದ ಮೇಲೆ ಬಾಡಿಗೆ ಕೊಡದೆ ಉಳಿದುಕೊಂಡ ಬಿಡಾರದವನು.

ನಮ್ಮ ತಳಕಿನ ಮನೆಯಲ್ಲಿ ಈ ಪ್ರಶ್ನೆ ಇತ್ತೀಚೆಗೆ ತಾನಾಗಿಯೇ ಎದುರಾಯಿತು. ಹಿರಿಯರ ಮಾಳಿಗೆಮನೆಯನ್ನು ಸೋದರರು ಹಂಚಿಕೊಂಡುದರಿಂದ ಅಟ್ಟವಿರುವ ಭಾಗವು ತಮ್ಮನ ಪಾಲಿಗೆ ಹೋಯಿತು. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಮೇಷ್ಟರ ಅಟ್ಟದಲ್ಲಿ ಅಮರಕೋಶವೂ ರಘುವಂಶದ ಟೀಕೆಗಳೂ ಇರುವುವೆಂದು ಎಲ್ಲರೂ ಎಣಿಸಿದ್ದರು. ಇಳಿಸಿ ನೋಡಿದರೆ ಹನ್ನೊಂದು ಕಟ್ಟುಗಳಲ್ಲಿ ಒಂಬತ್ತು ಆಕಾಶವಿಜ್ಞಾನಕ್ಕೆ ಸಂಬಂಧಪಟ್ಟ ಪತ್ರಿಕೆಗಳು.

ಇದಕ್ಕೆ ಕಾರಣ ೧೯೮೦ರ ಫೆಬ್ರವರಿ ೧೬ರ ಸೂರ್ಯಗ್ರಹಣ. ಅದು ಹುಬ್ಬಳ್ಳಿ, ರಾಯಚೂರುಗಳ ಮೇಲೆ ಪೂರ್ಣಗ್ರಹಣವಾಗಿ ಹಾದುಹೋಯಿತು, ನಮ್ಮಲ್ಲಿ ಖಂಡಗ್ರಹಣ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದಾಗ, ನಮ್ಮ ಶಾಲೆಯ ಉಪಾಧ್ಯಾಯರೊಬ್ಬರು ರಟ್ಟಿನಲ್ಲಿ ಸೂಜಿಯ ತೂತು ಮಾಡಿ, ಅದರ ನೆರಳಿನಲ್ಲಿ ಹಂಸಿಯಾಕಾರದ ಸೂರ್ಯನನ್ನು ನೆಲದ ಮೇಲೆ ತೋರಿಸಿದರು. ಆ ದಿನ ಹಿಡಿದ ಹುಚ್ಚು ಇಪ್ಪತ್ತೈದು ವರ್ಷ ಬಿಡಲಿಲ್ಲ. ೧೯೭೮ರಲ್ಲಿ ಆರಂಭವಾಗಿ ಅನಂತರ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನಿಂದ ಹೊರಬರುತ್ತಿದ್ದ 'ಬಾಲವಿಜ್ಞಾನ'ವನ್ನು ತರಿಸಿದೆ. ಇಂಗ್ಲಿಷ್ ಪತ್ರಿಕೆಗಳಿಗೆ ಚಂದಾ ಕಟ್ಟುವ ಶಕ್ತಿ ಇರಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಆಯ್ದು ತಂದೆ. ಇಲ್ಲೊಂದು ಮಾತನ್ನು ಹೇಳಿಬಿಡಬೇಕು. ಆ ಸಂಚಿಕೆಗಳು ನನ್ನ ಕೈಗೆ ಬಂದುದು ಯಾರೋ ಅವನ್ನು ಮನೆಯಿಂದ ಹೊರಹಾಕಿದುದರಿಂದ. ಎಲ್ಲರೂ ಎಲ್ಲವನ್ನೂ ಕಾಪಾಡಿಕೊಂಡು ಕುಳಿತಿದ್ದರೆ ತಳಕಿನ ಹುಡುಗನಿಗೆ ಶನಿಯ ಬಳೆಗಳ ಚಿತ್ರ ದೊರೆಯುತ್ತಿರಲಿಲ್ಲ. ಹಳೆಯದನ್ನು ಹೊರಹಾಕುವುದೆಲ್ಲ ವಿದ್ಯೆಗೆ ಮಾಡಿದ ದ್ರೋಹವೆಂದು ಕೆಲವರು ಹೇಳುವುದನ್ನು ಕೇಳಿದಾಗ ನನಗೆ ಈ ಅಂಗಡಿಗಳ ನೆನಪಾಗುವುದು.

ಈಗ ನನ್ನ ಮನಸ್ಸು ಆಕಾಶದಿಂದ ಕಲ್ಲಿಗೆ ಇಳಿದಿದೆ. ನಮಗೆ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯನ್ನು ಬಂಡೆಯ ಮೇಲೆ ಕೈಯಾಡಿಸಿ ಓದುವ ಸುಖವನ್ನು ಸಂಸ್ಕೃತ ಬಲ್ಲವನು ಅನುಭವಿಸಿಯೇ ತಿಳಿಯಬೇಕು. ಕಣ್ಣಿಗೆ ಪೊರೆ ಬಂದ ಮೇಲೆ ನಕ್ಷತ್ರಕ್ಕಿಂತ ಅಕ್ಷರವೇ ಸಮೀಪ. ಆಸಕ್ತಿ ಹೀಗೆ ಸ್ಥಳ ಬದಲಾಯಿಸುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೂ ಹಳೆಯ ಕಟ್ಟಿನ ಮುಂದೆ ಕುಳಿತಾಗ ಒಂದು ಸಂಕೋಚ ಉಂಟಾಗುವುದು ನಿಜ. ಪತ್ರಿಕೆಯನ್ನಲ್ಲ, ಅದನ್ನು ಕಾದು ಕಾದು ಓದಿದ ಆ ಹುಡುಗನನ್ನೇ ತೂಕಕ್ಕೆ ಹಾಕುತ್ತಿರುವೆವೋ ಎಂಬ ಭಾವ. ಅನೇಕರು ಕಟ್ಟನ್ನು ಬಿಚ್ಚಿ, ನೋಡಿ, ಹಾಗೆಯೇ ಮತ್ತೆ ಕಟ್ಟಿಡುವುದಕ್ಕೆ ಕಾರಣ ಇದೇ.

ಹಿಂದಿನವರು ಏನು ಮಾಡುತ್ತಿದ್ದರು? ಅವರ ಮನೆಗೆ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಪತ್ರಿಕೆ ಎಂದರೆ ಪಂಚಾಂಗ. ಯುಗಾದಿ ಕಳೆದ ಮರುದಿನ ಹಳೆಯ ಪಂಚಾಂಗ ನಿರರ್ಥಕವೆಂದು ತೋರಬಹುದು. ಆದರೆ ಬುದ್ಧಿವಂತರಾದ ಮನೆಯವರು ಅದನ್ನು ಹೊರಹಾಕುತ್ತಿರಲಿಲ್ಲ. ಆ ವರ್ಷ ಹುಟ್ಟಿದ ಮಗುವಿನ ಜಾತಕಕ್ಕೆ ಅದು ಬೇಕು. ತೀರಿಕೊಂಡವರ ತಿಥಿಯ ವಿಷಯದಲ್ಲಿ ಚರ್ಚೆ ಬಂದರೆ ಬೇಕು. ಇನ್ನು ಅದರ ಅಂಚುಗಳಲ್ಲಿ ಎಮ್ಮೆ ಈದ ದಿನ, ಶೇಂಗಾ ಬಿತ್ತಿದ ದಿನ, ಯಾರಿಗೋ ಕೊಟ್ಟ ಕೈಗಡ, ಎಲ್ಲ ಬರೆದಿರುವುದುಂಟು. ಅಚ್ಚಾದ ಭಾಗ ಆ ಪಂಚಾಂಗ ಕೊಂಡವರೆಲ್ಲರ ಮನೆಯಲ್ಲಿಯೂ ಒಂದೇ. ಅಂಚಿನ ಭಾಗ ಆ ಮನೆಯೊಂದಕ್ಕೇ ಸೇರಿದ್ದು. ಮೇಲಾಗಿ ಗ್ರಹಗಳೂ ಮರಳಿ ಬರುವಂಥವು. ಗುರುವಿಗೆ ಸುಮಾರು ಹನ್ನೆರಡು ವರ್ಷ, ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಎರಡೂ ಸೇರಿ ಅರವತ್ತು ಸಂವತ್ಸರಗಳ ಚಕ್ರಕ್ಕೆ ಹೊಂದುವುವು. ೧೯೬೫ರ ವಿಶ್ವಾವಸು ಸಂವತ್ಸರವು ೨೦೨೫ರ ಯುಗಾದಿಗೆ ಮರಳಿ ಬಂದಾಗ, ಗುರುಶನಿಗಳು ಅಂದಿನ ರಾಶಿಗಳ ಆಸುಪಾಸಿನಲ್ಲಿಯೇ ಇದ್ದರು. ಗ್ರಹಣಕ್ಕೂ ಹದಿನೆಂಟು ವರ್ಷ ಹನ್ನೊಂದು ದಿನಗಳ ಆವೃತ್ತಿ ಉಂಟು: ನಾವು ಕಂಡ ೧೯೮೦ರ ಗ್ರಹಣದ ಸರಣಿಯಲ್ಲಿಯೇ ೧೯೯೮ರ ಫೆಬ್ರವರಿ ೨೬ರದೂ ೨೦೧೬ರ ಮಾರ್ಚಿ ೯ರದೂ ಬಂದುವು, ಭೂಮಿಯ ಬೇರೆ ಭಾಗಗಳಲ್ಲಿ.

ಈ ಪಂಚಾಂಗದ ನ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಕಟ್ಟುಗಳನ್ನು ಬಿಚ್ಚಿದೆನು. ಹಳೆಯದಾಗಿ ಹೋದುದು ಬಹಳ ಇತ್ತು. ಪ್ಲೂಟೋವನ್ನು ಗ್ರಹವೆಂದು ಹೇಳುವ ಲೇಖನಗಳು ೨೦೦೬ರಿಂದ ಈಚೆಗೆ ಸಲ್ಲವು. ಶನಿಯ ಉಪಗ್ರಹಗಳ ಸಂಖ್ಯೆ ೨೦೨೫ರಲ್ಲಿ ೨೭೪ಕ್ಕೆ ಏರಿರುವಾಗ ನಲವತ್ತು ವರ್ಷದ ಹಿಂದಿನ ಪಟ್ಟಿಯಿಂದ ಏನು ಪ್ರಯೋಜನ? ಆದರೆ ನಕ್ಷತ್ರಪಟಗಳು ಹಾಗೆಯೇ ಇದ್ದುವು. ಕೃತ್ತಿಕೆಯೂ ಮೃಗಶಿರವೂ ಕಾರ್ತಿಕದ ರಾತ್ರಿ ಮೂಡುವ ಕಡೆಗೇ ಇಂದಿಗೂ ಮೂಡುವುವು. ಹೇಗೆ ನೋಡಬೇಕು, ಹೇಗೆ ಅಳೆಯಬೇಕು, ಮಸೂರವನ್ನು ಹೇಗೆ ಉಜ್ಜಬೇಕು ಎಂದು ಹೇಳಿದ ಲೇಖನಗಳಿಗೂ ಮುಪ್ಪು ಬಂದಿರಲಿಲ್ಲ. ಸುದ್ದಿ ಬೇಗ ಹಳಸುವುದು, ವಿಧಾನ ನಿಧಾನವಾಗಿ ಹಳಸುವುದು.

ಇಷ್ಟರಿಂದಲೇ ತೀರ್ಮಾನವಾಗುವಂತಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ನಮ್ಮ ಮಿತ್ರರೊಬ್ಬರ ವಿಷಯ ನನ್ನ ಕಣ್ಣೆದುರಿಗೆ ಇದೆ. ಅವರೂ ಉಪಾಧ್ಯಾಯರೇ, ಹವ್ಯಾಸ ರೇಡಿಯೋ ಕಟ್ಟುವುದು. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಸ್ಥಾಪಿಸಿದ ಸಂಗತಿಯನ್ನು ಅವರು ಪುರಾಣಕಥೆಯಂತೆ ಹೇಳುತ್ತಿದ್ದರು. ೧೯೬೯ರಲ್ಲಿ ಆರಂಭವಾದ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಮೊದಲಾದ ಪತ್ರಿಕೆಗಳನ್ನು ಗಂಟುಕಟ್ಟಿ ಇಟ್ಟಿದ್ದರು. ನಕ್ಷೆಯಲ್ಲಿ ತೋರಿಸಿದ ಬಿಡಿಭಾಗ ಚಳ್ಳಕೆರೆಯಲ್ಲಿ ದೊರೆಯದು, ಬಳ್ಳಾರಿಯಲ್ಲಿಯೂ ದೊರೆಯದು. ಆಗ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಜರ್ಮೇನಿಯಮ್ ಟ್ರಾನ್ಸಿಸ್ಟರನ್ನು ಹಾಕಿದರೆ ಏನಾಗುವುದು, ಭದ್ರಾವತಿ ನಿಲಯವು ಸ್ಪಷ್ಟವಾಗಿ ಕೇಳಬೇಕಾದರೆ ಸುರುಳಿಗೆ ಇನ್ನೆಷ್ಟು ಸುತ್ತು ಸುತ್ತಬೇಕು, ಇದನ್ನೆಲ್ಲ ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದಿಡುವರು. ಅವರು ಕಾಲವಾದ ವರ್ಷದೊಳಗೆ ಮನೆಗೆ ಸುಣ್ಣಬಣ್ಣ ಆಗಬೇಕಾಗಿ, ಗಂಟುಗಳೆಲ್ಲ ಒಂದೇ ಬೆಳಗ್ಗೆ ತೂಕಕ್ಕೆ ಹೋದುವು. ಮನೆಯವರನ್ನು ದೂರಲಾಗದು. ಆ ರೇಖಾಚಿತ್ರಗಳು ಅವರ ಪಾಲಿಗೆ ಬರಿಯ ಗೆರೆಗಳು. ಇವುಗಳಲ್ಲಿ ಏನಿದೆಯೆಂದು ಹೇಳಬಲ್ಲವರು ಉಳಿದಿರಲಿಲ್ಲ. ಕೆಲವು ತಿಂಗಳ ಮೇಲೆ ಹಳೆಯ ರೇಡಿಯೋಗಳನ್ನು ರಿಪೇರಿ ಮಾಡುವ ಯುವಕನೊಬ್ಬನು ಅವರ ಮನೆಯನ್ನು ಹುಡುಕಿಕೊಂಡು ಬಂದನು. ಪೇಟೆಯ ರದ್ದಿ ಅಂಗಡಿಯಲ್ಲಿ ಅವನಿಗೆ ಮೂರು ಸಂಚಿಕೆಗಳು ಸಿಕ್ಕಿದ್ದುವಂತೆ. "ಅಚ್ಚಾಗಿರುವುದು ಎಲ್ಲಾದರೂ ಸಿಗುತ್ತದೆ ಸಾರ್. ಅಂಚಿನಲ್ಲಿ ಬರೆದಿರುವುದು ಬೇಕಾಗಿತ್ತು. ಉಳಿದ ಸಂಚಿಕೆಗಳು ಎಲ್ಲಿವೆ?" ಎಂದು ನನ್ನನ್ನು ಕೇಳಿದನು. ಅವು ಆ ವೇಳೆಗೆ ಕಡಲೆಕಾಯಿಯ ಪೊಟ್ಟಣಗಳಾಗಿ ಚಳ್ಳಕೆರೆಯ ಬೀದಿಗಳಲ್ಲಿ ಖಾಲಿಯಾಗಿ ಬಿದ್ದಿರಬೇಕು.

ಆದಕಾರಣ ಒಂದು ವಿಪರೀತ ಕ್ರಮವನ್ನು ಹೇಳಲು ಧೈರ್ಯ ಮಾಡುವೆನು. ಸಾಮಾನ್ಯವಾಗಿ ನಾವು ಬೆಲೆಬಾಳುವುದನ್ನು ಇಟ್ಟುಕೊಂಡು ಅಗ್ಗದ್ದನ್ನು ಹೊರಹಾಕುವೆವು. ಪತ್ರಿಕೆಗಳ ವಿಷಯದಲ್ಲಿ ಅಗ್ಗದ್ದನ್ನೇ ಮೊದಲು ಉಳಿಸಬೇಕು. ನುಣುಪು ಕಾಗದದ, ಬಣ್ಣದ ಚಿತ್ರಗಳ ಪರದೇಶದ ಪತ್ರಿಕೆಗಳು ಲಕ್ಷಗಟ್ಟಲೆ ಅಚ್ಚಾದಂಥವು. ೧೮೮೮ರಿಂದ ಬಂದ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಹಿಂದಿನ ಸಂಪುಟಗಳನ್ನು ಅದರ ಪ್ರಕಾಶಕರೇ ೧೯೯೭ರಲ್ಲಿ ಗಣಕದ ತಟ್ಟೆಗಳಲ್ಲಿ ಒದಗಿಸಿದರು. ೧೯೪೧ರಲ್ಲಿ ಹುಟ್ಟಿದ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯೂ ಹಾಗೆಯೇ ದೊರೆಯುವಂತಾಯಿತು. ನನ್ನ ಅಟ್ಟದ ಪ್ರತಿ ನಾಶವಾದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಯಾವುದೋ ಜಿಲ್ಲಾಕೇಂದ್ರದಿಂದ ಒಂದೆರಡು ವರ್ಷ ಹೊರಟು ನಿಂತುಹೋದ ಕನ್ನಡದ ಚದುರಂಗದ ಪತ್ರಿಕೆಯೋ, ಅಂಚೆಚೀಟಿ ಸಂಘದ ಎಂಟು ಪುಟದ ವಾರ್ತಾಪತ್ರವೋ, ಶಾಲೆಯ ವಿಜ್ಞಾನಸಂಘದ ಕೈಬರಹದ ಸಂಚಿಕೆಯೋ ಆಗಿದ್ದರೆ, ನಿಮ್ಮ ಕೈಯಲ್ಲಿರುವುದೇ ಕೊನೆಯ ಪ್ರತಿಯಾಗಿರಬಹುದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ಹೊರಡಿಸಿದ 'ವಿಜ್ಞಾನ' ಪತ್ರಿಕೆ ಕೆಲಕಾಲ ಮಾತ್ರ ನಡೆದು ನಿಂತಿತು. ಭೌತ ರಸಾಯನ ವಿಷಯಗಳನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಆ ಹಿರಿಯರು ಪಟ್ಟ ಶ್ರಮವನ್ನು ನಾವು ಅರಿಯಬಹುದಾದುದು, ಆ ತೆಳುಸಂಚಿಕೆಗಳನ್ನು ಯಾರೋ ಕೆಲವರು ಇಟ್ಟುಕೊಂಡಿದ್ದರಿಂದ. ನಮ್ಮ ಊರಿನ ಟಿ. ಎಸ್. ವೆಂಕಣ್ಣಯ್ಯನವರನ್ನೂ ಅವರ ಗೆಳೆಯರಾದ ಎ. ಆರ್. ಕೃಷ್ಣಶಾಸ್ತ್ರಿಗಳನ್ನೂ ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುವುದುಂಟು. ಕೃಷ್ಣಶಾಸ್ತ್ರಿಗಳು ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ'ವನ್ನು ಆರಂಭಿಸಿದಾಗ ಅದೂ ಕೆಲವರ ಹವ್ಯಾಸದ ಪತ್ರಿಕೆಯೆಂದೇ ಕೆಲವರಿಗೆ ಕಂಡಿದ್ದಿರಬಹುದು.

ಎಲ್ಲವೂ ಈಗ ಅಂತರ್ಜಾಲದಲ್ಲಿ ಇದೆಯಲ್ಲವೆ ಎಂದು ಮಕ್ಕಳು ಕೇಳುವರು. ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಹಳೆಯ ಕನ್ನಡ ನಿಯತಕಾಲಿಕಗಳ ಅನೇಕ ಸಂಚಿಕೆಗಳು ಇರುವುದು ನಿಜ, ನಾನೇ ಓದಿರುವೆನು. ಆದರೆ ಅಲ್ಲಿಗೆ ಏರಿದ ಪ್ರತಿಯೊಂದು ಪುಟವೂ ಮೊದಲು ಯಾವುದೋ ಕಪಾಟಿನಲ್ಲಿ ಇದ್ದ ಪುಟವೇ. ರದ್ದಿಗೆ ಹೋದುದನ್ನು ಯಾವ ಯಂತ್ರವೂ ಚಿತ್ರ ತೆಗೆಯಲಾರದು.

ಉಳಿಸಬೇಕೆಂದ ಮಾತ್ರಕ್ಕೆ ನಾವೇ ಇಟ್ಟುಕೊಳ್ಳಬೇಕೆಂದು ಅರ್ಥವಲ್ಲ. ಧರ್ಮಶಾಸ್ತ್ರದಲ್ಲಿ ತ್ಯಾಗಕ್ಕೂ ದಾನಕ್ಕೂ ಭೇದ ಉಂಟು. ವಸ್ತುವಿನಲ್ಲಿ ತನ್ನದೆಂಬ ಭಾವವನ್ನು ಬಿಟ್ಟರೆ ತ್ಯಾಗವಾಯಿತು. ದಾನವಾಗಬೇಕಾದರೆ ಪಡೆಯುವವನು ಬೇಕು, ಅವನು ಪಾತ್ರನೂ ಆಗಿರಬೇಕು. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಂದು ಓಲೆಗರಿಯ ಕಟ್ಟನ್ನು ತಂದೊಪ್ಪಿಸಿದರು. ಅಲ್ಲಿ ಆರ್. ಶಾಮಶಾಸ್ತ್ರಿಗಳು ಇದ್ದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಅವರು ಕಂಡುಕೊಂಡು ೧೯೦೯ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಗ್ರಂಥವದು. ಕೊಟ್ಟವರಿಗಿಂತಲೂ ಮಿಗಿಲಾಗಿ, ಕೊಟ್ಟ ಸ್ಥಳದಲ್ಲಿ ಓದಬಲ್ಲವರೊಬ್ಬರು ಇದ್ದುದನ್ನು ಗಮನಿಸಬೇಕು. ಗ್ರಾಮದ ಗ್ರಂಥಾಲಯಕ್ಕೆ ಹೇಳದೆ ಕೇಳದೆ ಹತ್ತು ಕಟ್ಟುಗಳನ್ನು ತಂದು ಹಾಕಿ, ದಾನ ಮಾಡಿದೆನೆಂದು ಕೈತೊಳೆದುಕೊಳ್ಳುವುದು ದಾನವಲ್ಲ; ನಮ್ಮ ಅಟ್ಟದ ಕಷ್ಟವನ್ನು ಅವರ ಅಟ್ಟಕ್ಕೆ ವರ್ಗ ಮಾಡಿದಂತೆ.

ನನಗೆ ಪಾತ್ರನು ದೊರೆತುದು ಆಕಸ್ಮಿಕವಾಗಿ. ನಮ್ಮ ತಾಲ್ಲೂಕಿನ ಕಾವಲುಭೂಮಿಗಳಲ್ಲಿ ಈಗ ದೊಡ್ಡ ವಿಜ್ಞಾನಸಂಸ್ಥೆಗಳು ನೆಲಸಿರುವುದನ್ನು ವಾಚಕರು ಬಲ್ಲರು. (ಕೃಷ್ಣಮೃಗಗಳೂ ಕುರಿಗಾಹಿಗಳೂ ಏನಾದರೆಂಬುದು ಬೇರೆಯೇ ಕಥೆ.) ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಚಳ್ಳಕೆರೆಯ ಬಳಿಯ ವಿಮಾನ ಪರೀಕ್ಷಾ ಕ್ಷೇತ್ರದಲ್ಲಿ 'ಇಸ್ರೋ'ದವರು ಪುಷ್ಪಕವೆಂಬ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ಬಂದು ನೆಲಕ್ಕಿಳಿಯುವ ಪರೀಕ್ಷೆಯನ್ನು ನಡೆಸಿದರು. ಸುದ್ದಿ ಕೇಳಿದ ಪ್ರೌಢಶಾಲೆಯ ಹುಡುಗನೊಬ್ಬನು, ಇಂಜಿನ್ನಿನ ಸಹಾಯವಿಲ್ಲದೆ ಅಷ್ಟು ಭಾರದ ವಾಹನ ಹೇಗೆ ತೇಲಿ ಇಳಿಯಬಲ್ಲುದೆಂದು ನನ್ನನ್ನು ಕೇಳಿದನು. ೧೯೮೧ರ ಏಪ್ರಿಲಿನಲ್ಲಿ ಅಮೆರಿಕದ 'ಕೊಲಂಬಿಯಾ' ಮೊದಲ ಬಾರಿ ಹಾರಿ ಹಾಗೆಯೇ ತೇಲಿ ಇಳಿದಾಗ, ಅದೇ ಪ್ರಶ್ನೆಗೆ ಚಿತ್ರಸಹಿತವಾಗಿ ಉತ್ತರ ಕೊಟ್ಟ ಸಂಚಿಕೆ ನನ್ನ ಕಟ್ಟಿನಲ್ಲಿತ್ತು. ನಲವತ್ತು ವರ್ಷಕ್ಕೂ ಮಿಕ್ಕಿ ಅಟ್ಟದಲ್ಲಿದ್ದ ಆ ಪುಟಗಳನ್ನು ಅವನು ಜಗಲಿಯ ಮೇಲೆ ಕುಳಿತು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಎರಡು ಸಂಜೆಗಳಲ್ಲಿ ಓದಿ ಮುಗಿಸಿದನು. ಮನೆಗೆ ಒಯ್ದನು, ಹಿಂದಕ್ಕೆ ತರಲಿಲ್ಲ, ನಾನೂ ಕೇಳಲಿಲ್ಲ. ಇಂಗ್ಲಿಷ್ ಕಟ್ಟುಗಳೆಲ್ಲ ಈಗ ಅವನ ಶಾಲೆಯ ವಿಜ್ಞಾನದ ಉಪಾಧ್ಯಾಯರ ವಶದಲ್ಲಿವೆ. ಅವರು ತಾವೇ ಬಂದು ನೋಡಿ, ತಮಗೆ ಬೇಕಾದುವನ್ನು ಆರಿಸಿಕೊಂಡರು.

ನಮ್ಮ ಮನೆಯಾಕೆಯ ಕ್ರಮ ಬೇರೆ. ಪತ್ರಿಕೆ ಬಂದೊಡನೆ ಕಸೂತಿಯ ಮಾದರಿ, ರಂಗೋಲೆ, ಉಪ್ಪಿನಕಾಯಿಯ ವಿಧಾನ ಇರುವ ಹಾಳೆಯನ್ನು ಕತ್ತರಿಸಿ, ಉಳಿದುದನ್ನು ತಿಂಗಳೊಳಗೆ ಹೊರಗೆ ಕಳುಹಿಸುವಳು. ನಲವತ್ತು ವರ್ಷದ ಸಂಗ್ರಹ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ. "ನಿಮ್ಮದು ಒಂದು ಕೋಣೆ, ನನ್ನದು ಒಂದು ಡಬ್ಬಿ. ಬಳಕೆಯಾದುದು ಯಾವುದು ಹೇಳಿ!" ಎನ್ನುವಳು. ವಾದದಲ್ಲಿ ಬಲವಿದೆ. 'ಸುಧಾ', 'ಪ್ರಜಾಮತ'ಗಳ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಬೈಂಡು ಮಾಡಿಸಿಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದುವು. ಕಾದಂಬರಿಗಳು ಆ ರೂಪದಲ್ಲಿಯೇ ಮನೆಯಿಂದ ಮನೆಗೆ ಹೋದುವು. ಕತ್ತರಿಸುವವರಿಗೆ ನನ್ನ ವಿಜ್ಞಾಪನೆ ಒಂದೇ: ಪತ್ರಿಕೆಯ ಹೆಸರನ್ನೂ ತಿಂಗಳು ವರ್ಷಗಳನ್ನೂ ಹಾಳೆಯ ಮೇಲೆ ಬರೆದಿಡಿ. ಬೈಂಡು ಹಾಕುವವನು ಮುಖಪುಟವನ್ನೂ ಜಾಹೀರಾತುಗಳನ್ನೂ ಕಿತ್ತುಹಾಕಲು ಬಂದರೆ ತಡೆಯಿರಿ. ಅಂದು ರೇಡಿಯೋವಿಗೆ ಎಷ್ಟು ಬೆಲೆ ಇತ್ತು, ಹೊಲಿಗೆಯ ಯಂತ್ರವನ್ನು ಯಾರಿಗೆ ಮಾರಲು ನೋಡುತ್ತಿದ್ದರು ಎಂಬುದು ಲೇಖನದಲ್ಲಿ ಇರದು, ಜಾಹೀರಾತಿನಲ್ಲಿಯೇ ಇರುವುದು.

ಇಡುವವರು ಹೇಗಿಡಬೇಕೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಅದು ಬೆಳಕಿಗೂ ಗಾಳಿಗೂ ಸಿಕ್ಕಿ ಹಳದಿಯಾಗಿ ಹಪ್ಪಳದಂತೆ ಮುರಿಯುವುದು. ಚಳ್ಳಕೆರೆಯ ಸೀಮೆಯಲ್ಲಿ ಮಳೆ ಅತ್ಯಲ್ಪವಾದುದರಿಂದ ಬೂಷ್ಟಿನ ಭಯ ಕಡಮೆ, ಬಿಸಿಲಿನ ಭಯ ಹೆಚ್ಚು. ಮಾಳಿಗೆಯ ಕೆಳಗಿನ ಅಟ್ಟಕ್ಕಿಂತ ಕೋಣೆಯ ಕಪಾಟು ಮೇಲು. ಗೆದ್ದಲು ಗೋಡೆಯ ಮೂಲಕ ಬರುವುದರಿಂದ ಕಟ್ಟನ್ನು ಗೋಡೆಗೆ ತಾಗಿಸಬಾರದು. ತುಕ್ಕು ಹಿಡಿಯುವ ಪಿನ್ನುಗಳನ್ನು ತೆಗೆದು ನೂಲಿನಿಂದ ಹೊಲಿಯುವುದು, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತುವುದು, ನಡುವೆ ಬಜೆಯ ಬೇರಿನ ತುಂಡುಗಳನ್ನು ಇರಿಸುವುದು, ಇವು ಓಲೆಗರಿಯ ಕಾಲದಿಂದ ಬಂದ ಉಪಾಯಗಳು. ಪ್ಲಾಸ್ಟಿಕ್ ಚೀಲಕ್ಕಿಂತ ಸಾವಿರ ಪಾಲು ವಾಸಿ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಅನುಕ್ರಮಣಿಕೆ. ಋಗ್ವೇದಕ್ಕೆ ಕಾತ್ಯಾಯನನು ಸರ್ವಾನುಕ್ರಮಣಿಯನ್ನು ರಚಿಸಿ, ಯಾವ ಸೂಕ್ತಕ್ಕೆ ಯಾರು ಋಷಿ, ಯಾವ ದೇವತೆ, ಯಾವ ಛಂದಸ್ಸು ಎಂದು ಪಟ್ಟಿ ಮಾಡಿದನು. ಮುಖೋದ್ಗತವಾಗಿದ್ದ ವೇದಕ್ಕೇ ಪಟ್ಟಿ ಬೇಕಾಗಿದ್ದರೆ ನಮ್ಮ ಅಟ್ಟದ ಕಟ್ಟಿಗೆ ಬೇಡವೆ? ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸಂಚಿಕೆ, ವಿಷಯ, ಪುಟ, ಅಂಚಿನ ಬರಹ ಇದೆಯೇ ಇಲ್ಲವೇ ಎಂದು ನಾಲ್ಕು ಅಂಕಣ ಹಾಕಿ ಬರೆಯುತ್ತ ಹೋಗಿ. ನನಗೆ ಒಂದು ಮಳೆಗಾಲ ಹಿಡಿಯಿತು. ಬರೆಯುವಾಗಲೇ ಯಾವುದು ಹೋಗಬೇಕು, ಯಾವುದು ಇರಬೇಕು ಎಂಬುದು ಕೈಗೇ ತಿಳಿಯುವುದು. ಪಟ್ಟಿಯಲ್ಲಿ ಬರೆಯಲು ಏನೂ ದೊರೆಯದ ಸಂಚಿಕೆಯನ್ನು ಇಟ್ಟುಕೊಳ್ಳಲು ಕಾರಣವೂ ದೊರೆಯದು. ಅಂಥವು ಎರಡು ಕಟ್ಟಿನಷ್ಟು ಇದ್ದುವು. ಹಳೆಯ ಪೇಪರಿನವನಿಗೆ ಕೊಟ್ಟೆನು. ನಾಳೆ ನಾವಿಲ್ಲದಾಗ ಮನೆಯವರಿಗೂ ಆ ನೋಟುಬುಕ್ಕೇ ದಾರಿ ತೋರಿಸುವುದು. ನಮ್ಮ ರೇಡಿಯೋ ಮಿತ್ರರ ಮನೆಯಲ್ಲಿ ಅಂಥದೊಂದು ಇದ್ದಿದ್ದರೆ ಆ ಬೆಳಗಿನ ತಕ್ಕಡಿ ಬೇರೆ ಕಡೆಗೆ ತೂಗುತ್ತಿತ್ತು.

ಹನ್ನೊಂದು ಕಟ್ಟುಗಳಲ್ಲಿ ಈಗ ನನ್ನ ಬಳಿ ಉಳಿದುದು ಎರಡು. ಒಂದರಲ್ಲಿ ಶಾಸನಗಳಿಗೆ ಸಂಬಂಧಿಸಿದ ಪ್ರಬಂಧಗಳಿವೆ. ಇನ್ನೊಂದರಲ್ಲಿ 'ಬಾಲವಿಜ್ಞಾನ'ದ ಮೊದಲ ವರ್ಷಗಳ ಸಂಚಿಕೆಗಳೂ, ಒಂದೇ ವರ್ಷ ಬಾಳಿದ ನಮ್ಮ ಶಾಲೆಯ ಕೈಬರಹದ ಪತ್ರಿಕೆಯ ನಾಲ್ಕು ಪ್ರತಿಗಳೂ ಇವೆ. 'ಬಾಲವಿಜ್ಞಾನ'ದ ಸಾಲಿನಲ್ಲಿ ೧೯೭೯ರ ಎರಡು ಸಂಚಿಕೆಗಳು ಕಡಮೆಯಾಗಿವೆ; ಅವು ಬಂದರೆ ಬೈಂಡು ಹಾಕಿಸಿ ಶಾಲೆಗೆ ಒಪ್ಪಿಸಬೇಕೆಂದಿರುವೆನು. ವಾಚಕರಲ್ಲಿ ಯಾರ ಅಟ್ಟದ ಮೇಲಾದರೂ ಅವು ಇದ್ದು, ಇಳಿಸುವ ಮನಸ್ಸಾದರೆ, ದಯವಿಟ್ಟು ಪತ್ರಿಕೆಯ ಕಾರ್ಯಾಲಯಕ್ಕೆ ಒಂದು ಕಾಗದ ಬರೆಯಿರಿ. ಅಂಚೆಯ ವೆಚ್ಚವನ್ನು ನಾನು ಕೊಡುವೆನು.